ಮಾಲ್ಡೀವ್ಸ್‌ನ ಡೈವ್ ಹಡಗಿನಲ್ಲಿ ಏಳು ರಾತ್ರಿ: ಬೂಟಿ, ಫಿನ್, ಚಪ್ಪಲಿ ಮತ್ತು ಒಂದು ಚೀಲದ ವಿಮರ್ಶೆ

ಕಳೆದ ಫೆಬ್ರವರಿಯಲ್ಲಿ ಮಾಲ್ಡೀವ್ಸ್‌ನ ಮಾಲೆ, ವಾವು ಮತ್ತು ಆರಿ ಅಟಾಲ್‌ಗಳ (ಉಂಗುರದಂತೆ ಹರಡಿದ ಹವಳದ ದ್ವೀಪಸಮೂಹಗಳ) ನಡುವೆ ಏಳು ರಾತ್ರಿ ಲಿವ್‌ಅಬೋರ್ಡ್ ಹಡಗಿನಲ್ಲಿಯೇ ಉಳಿದು, ಹದಿನೇಳು ಬಾರಿ ಸ್ಕೂಬಾ ಡೈವ್ ಮಾಡಿ ಬಂದೆ. ಹೊರಡುವ ಮೊದಲು ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಹಡಗಿನಲ್ಲಿ ಓಡಾಡಲು ಯಾವ ಚಪ್ಪಲಿ ಒಯ್ಯಬೇಕೆಂಬ ಲೆಕ್ಕದಲ್ಲಿ. ಅತಿ ಕಡಿಮೆ ಯೋಚಿಸಿದ್ದು ನೀರಿಗಿಳಿಯುವಾಗ ಕಾಲಿಗೆ ಏನು ತೊಡಬೇಕೆಂಬುದರ ಬಗ್ಗೆ. ಇದು ಪೂರ್ತಿ ತಲೆಕೆಳಗಾದ ಲೆಕ್ಕವೆಂದು ಮೂರನೆಯ ದಿನ ನನ್ನ ಹಿಮ್ಮಡಿಯ ಚರ್ಮ ಸುಲಿದಾಗ ತಿಳಿಯಿತು. ಆದ್ದರಿಂದ ಈ ವಿಮರ್ಶೆಯ ಬಹುಪಾಲು ನೀರಿನಲ್ಲಿ ಕಾಲಿಗೆ ತೊಡುವ ಮೆತ್ತನೆಯ ಬೂಟಿ ಮತ್ತು ಈಜಲು ಪಾದಕ್ಕೆ ಸಿಕ್ಕಿಸುವ ಹುಟ್ಟಿನಂಥ ಫಿನ್‌ಗಳಿಗೆ ಮೀಸಲು. ಚಪ್ಪಲಿಗೆ ಸಲ್ಲಬೇಕಾದಷ್ಟು ಮಾತ್ರ ಸಲ್ಲಿಸುತ್ತೇನೆ.

ಚಪ್ಪಲಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಇಂಥ ಹಡಗುಗಳಲ್ಲಿ ಎಲ್ಲರೂ ಬರಿಗಾಲಿನಲ್ಲಿ ಓಡಾಡುತ್ತಾರೆ. ಹತ್ತುವಾಗಲೇ ಪಾದರಕ್ಷೆಗಳನ್ನು ಒಂದು ಬುಟ್ಟಿಯಲ್ಲಿ ಹಾಕಿಸಿಕೊಳ್ಳುತ್ತಾರೆ, ಇಳಿಯುವಾಗ ಹಿಂತಿರುಗಿಸುತ್ತಾರೆ. ಹೊಸಿಲಿನಾಚೆ ಚಪ್ಪಲಿ ಬಿಟ್ಟು ಬೆಳೆದ ನಮಗೆ ಈ ನಿಯಮ ಹೊಸದಲ್ಲ. ನನ್ನ ಜೊತೆಗಿದ್ದ ಇಬ್ಬರು ಯುರೋಪಿಯನ್ನರಿಗೆ ಅದಕ್ಕೆ ಹೊಂದಿಕೊಳ್ಳಲು ಒಂದು ದಿನ ಬೇಕಾಯಿತು. ನಾನು ಮೂರು ಸಾವಿರ ಕೊಟ್ಟು ಕೊಂಡಿದ್ದ ಚರ್ಮದ ಸ್ಯಾಂಡಲ್ಲು ಆ ಬುಟ್ಟಿಯಲ್ಲಿ ವಾರವಿಡೀ ಕುಳಿತು, ಕೊನೆಯ ದಿನ ಬಿಳಿಯ ಬೂಷ್ಟು ಹೊದ್ದು ಹೊರಬಂದಿತು. ಪಕ್ಕದಲ್ಲಿದ್ದ ಯಾರದೋ ಇನ್ನೂರು ರೂಪಾಯಿಯ ಹವಾಯಿ ಚಪ್ಪಲಿಗೆ ಏನೂ ಆಗಿರಲಿಲ್ಲ. ವಿಮಾನ ನಿಲ್ದಾಣಕ್ಕೆ, ಜನವಸತಿಯ ದ್ವೀಪವೊಂದಕ್ಕೆ ಸಂಜೆ ಇಳಿದಾಗ ಮತ್ತು ಮರಳುದಿಬ್ಬದ ಮೇಲಿನ ರಾತ್ರಿಯೂಟಕ್ಕೆ ಹವಾಯಿ ಚಪ್ಪಲಿ ಸಾಕು. ಅದಕ್ಕಿಂತ ಹೆಚ್ಚಿನದನ್ನು ಒಯ್ಯುವುದು ತೂಕದ ದಂಡ.

ಇನ್ನು ನೀರಿನ ವಿಷಯ. ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದ ಆಚೆಗಿನ ನೇತ್ರಾಣಿಯಲ್ಲಿ. ಅಲ್ಲಿ ಬೆಳಿಗ್ಗೆ ದೋಣಿಯಲ್ಲಿ ಹೋಗಿ, ಎರಡು ಡೈವ್ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ದಡಕ್ಕೆ ಬಂದು ಮೀನಿನ ಊಟ ಮಾಡುವ ಕ್ರಮ. ದಿನಕ್ಕೆ ಎರಡೇ ಡೈವ್ ಇದ್ದಾಗ ಪಾದವನ್ನು ಪೂರ್ತಿ ಮುಚ್ಚುವ ಫಿನ್ ಎಷ್ಟು ಹಿತವೋ ಅಷ್ಟೇ ಹಗುರ: ಬರಿಗಾಲನ್ನು ರಬ್ಬರಿನ ಜೇಬಿಗೆ ತೂರಿಸಿದರೆ ಆಯಿತು, ಬೇರೆ ಬೂಟಿ ಬೇಕಿಲ್ಲ, ಚೀಲದಲ್ಲಿ ಅರ್ಧ ಜಾಗ ಉಳಿಯುತ್ತದೆ. ಅದೇ ಫಿನ್ನನ್ನು ನಾನು ಮಾಲ್ಡೀವ್ಸ್‌ಗೂ ಒಯ್ದೆ. ಆದರೆ ಲಿವ್‌ಅಬೋರ್ಡಿನಲ್ಲಿ ದಿನಕ್ಕೆ ಮೂರು, ರಾತ್ರಿಯ ಡೈವ್ ಇದ್ದರೆ ನಾಲ್ಕು ಬಾರಿ ನೀರಿಗಿಳಿಯುತ್ತೇವೆ. ನಡುನಡುವೆ ಪಾದ ಪೂರ್ತಿ ಒಣಗುವುದೇ ಇಲ್ಲ. ನೆನೆದು ಮೆತ್ತಗಾದ ಚರ್ಮದ ಮೇಲೆ ರಬ್ಬರಿನ ಅಂಚು ಒಂದೊಂದು ಒದೆತಕ್ಕೂ ಉಜ್ಜುತ್ತದೆ. ಮೊದಲು ಹೆಬ್ಬೆರಳಿನ ಮೇಲ್ಭಾಗ ಕೆಂಪಾಯಿತು, ಎರಡನೆಯ ದಿನ ಹಿಮ್ಮಡಿಯ ಹಿಂದಿನ ನರದ ಬಳಿ ಗುಳ್ಳೆ ಎದ್ದಿತು, ಮೂರನೆಯ ದಿನ ಅದು ಒಡೆಯಿತು. ಉಪ್ಪುನೀರಿನಲ್ಲಿ ಗಾಯ ಬೇಗ ಮಾಯುತ್ತದೆಂದು ನಮ್ಮ ಕಡೆ ಹೇಳುವುದುಂಟು. ದಿನಕ್ಕೆ ನಾಲ್ಕು ಬಾರಿ ಬೆಚ್ಚಗಿನ ಸಮುದ್ರದಲ್ಲಿ ನೆನೆಯುವ ಗಾಯ ಮಾಯುವುದಿಲ್ಲ, ಕೀವಾಗುತ್ತದೆ.

ಪುಣ್ಯಕ್ಕೆ, ಮರಳುದಿಬ್ಬದಲ್ಲಿ ನಡೆಯಲು ಬೇಕಾದೀತೆಂದು ಬೆಂಗಳೂರಿನಲ್ಲಿ ಎರಡೂವರೆ ಸಾವಿರಕ್ಕೆ ಕೊಂಡಿದ್ದ ಒಂದು ಜೊತೆ ನಿಯೋಪ್ರೀನ್ ಬೂಟಿ ಚೀಲದ ತಳದಲ್ಲಿತ್ತು: 3 ಮಿಲಿಮೀಟರ್ ದಪ್ಪ, ಕಣಕಾಲು ಮುಚ್ಚುವಷ್ಟು ಎತ್ತರ, ಪಕ್ಕದಲ್ಲಿ ಜಿಪ್, ಅಡಿಯಲ್ಲಿ ಗಟ್ಟಿ ರಬ್ಬರಿನ ಅಟ್ಟೆ. ಹಡಗಿನವರಿಂದ ಹಿಮ್ಮಡಿ ತೆರೆದ ಫಿನ್ನನ್ನು ಬಾಡಿಗೆಗೆ ಪಡೆದು, ಉಳಿದ ಒಂಬತ್ತು ಡೈವ್‌ಗಳನ್ನು ಆ ಬೂಟಿಯ ಮೇಲೆ ಮುಗಿಸಿದೆ. ಮೊದಲ ಡೈವಿನಲ್ಲೇ ವ್ಯತ್ಯಾಸ ತಿಳಿಯಿತು. ಫಿನ್ನಿನ ಉಜ್ಜಾಟವನ್ನೆಲ್ಲ ಬೂಟಿ ತಾನು ಹೀರಿಕೊಳ್ಳುತ್ತದೆ, ಪಾದಕ್ಕೆ ತಲುಪಿಸುವುದಿಲ್ಲ.

ಅಟ್ಟೆಯ ಬೆಲೆ ತಿಳಿಯುವುದು ಏಣಿಯ ಮೇಲೆ. ಮಾಲ್ಡೀವ್ಸ್‌ನಲ್ಲಿ ಡೈವ್ ಮಾಡುವುದು ಮಲಗುವ ದೊಡ್ಡ ಹಡಗಿನಿಂದಲ್ಲ. ಕಂಪ್ರೆಸರ್, ಟ್ಯಾಂಕು, ಎಲ್ಲರ ಸಲಕರಣೆ ಹೊತ್ತು ಜೊತೆಯಲ್ಲೇ ಸಾಗುವ ಇನ್ನೊಂದು ಚಿಕ್ಕ ನಾವೆಯಿಂದ. ಅದನ್ನು ಅವರು ಧೋನಿ ಎನ್ನುತ್ತಾರೆ. ನಮ್ಮ ದೋಣಿಯೇ ಎನ್ನಿ. ಡೈವ್ ಮುಗಿದ ಮೇಲೆ ನೀರಿನಲ್ಲೇ ಫಿನ್ ಬಿಚ್ಚಿ ಮೇಲಿನವರ ಕೈಗೆ ಕೊಟ್ಟು, ಅಲೆಗೆ ಏಳುತ್ತ ಬೀಳುತ್ತ ಇರುವ ಕಬ್ಬಿಣದ ಏಣಿಯನ್ನು ಹತ್ತಬೇಕು. ಬೆನ್ನ ಮೇಲೆ ಟ್ಯಾಂಕು, ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಕವಚ), ತೂಕದ ಸೀಸವೆಲ್ಲ ಸೇರಿ ಇಪ್ಪತ್ತು ಕಿಲೋ ಇರುವಾಗ ಬರಿಗಾಲಿನ ಅಂಗಾಲಿಗೆ ಏಣಿಯ ಸಪೂರ ಮೆಟ್ಟಿಲು ಕೊಡುವ ನೋವನ್ನು ಮೂರು ದಿನ ಅನುಭವಿಸಿದ್ದೇನೆ. ಗಟ್ಟಿ ಅಟ್ಟೆಯ ಬೂಟಿ ಹಾಕಿದ ದಿನದಿಂದ ಅದು ಮರೆತೇಹೋಯಿತು. ಅಟ್ಟೆಯಿಲ್ಲದ ತೆಳುವಾದ ನಿಯೋಪ್ರೀನ್ ಕಾಲುಚೀಲಗಳೂ ಮಾರುಕಟ್ಟೆಯಲ್ಲಿವೆ. ಗುಳ್ಳೆ ಏಳದಂತೆ ತಡೆಯಲು ಅವು ಸಾಕು, ಏಣಿಗೆ ಸಾಲವು.

ದಪ್ಪದ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ನನಗೆ 5 ಮಿಲಿಮೀಟರಿನದನ್ನೇ ಮಾರಲು ಒತ್ತಾಯಿಸಿದರು. ಮಾಲ್ಡೀವ್ಸ್‌ನ ನೀರು ವರ್ಷವಿಡೀ 27ರಿಂದ 30 ಡಿಗ್ರಿಯಷ್ಟು ಬೆಚ್ಚಗಿರುವುದರಿಂದ ಪಾದದ ಮಟ್ಟಿಗೆ ಚಳಿಯ ಪ್ರಶ್ನೆಯೇ ಇಲ್ಲ. ನಿಯೋಪ್ರೀನ್ ಎಂದರೆ ಅನಿಲದ ಸಣ್ಣ ಗುಳ್ಳೆಗಳನ್ನು ಒಳಗಿಟ್ಟುಕೊಂಡ ರಬ್ಬರು. ದಪ್ಪವಾದಷ್ಟೂ ತೇಲುತ್ತದೆ, ಕಾಲುಗಳನ್ನು ಮೇಲಕ್ಕೆಳೆದು ಮುಖವನ್ನು ಕೆಳಗೆ ಮಾಡುತ್ತದೆ. ಆಳಕ್ಕಿಳಿದಂತೆ ಒತ್ತಡಕ್ಕೆ ಅದು ಕುಗ್ಗುತ್ತದೆ ನಿಜ; ಮನರಂಜನೆಯ ಡೈವ್‌ಗೆ ಅಲ್ಲಿ ವಿಧಿಸಿರುವ 30 ಮೀಟರ್ ಮಿತಿಯಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಆದರೆ ಡೈವಿನ ಕೊನೆಗೆ 5 ಮೀಟರಿನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲುವಾಗ, ಟ್ಯಾಂಕೂ ಖಾಲಿಯಾಗಿ ಹಗುರಾಗಿರುವ ಹೊತ್ತಿನಲ್ಲಿ, ಆ ತೇಲುವಿಕೆ ಹಿಂತಿರುಗಿ ಬಂದು ಕಾಡುತ್ತದೆ. ನನ್ನಂತೆ ಕಾಲು ತೇಲುವವರಿಗೆ ಭಾರದ ರಬ್ಬರ್ ಫಿನ್ ಒಂದು ಪರಿಹಾರ. ಸ್ಕೂಬಾಪ್ರೊದವರ ಜೆಟ್ ಫಿನ್ 1965ರಲ್ಲಿ ಬಂದದ್ದು, ಇಂದಿಗೂ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿರುವುದಕ್ಕೆ ಈ ಭಾರವೂ ಒಂದು ಕಾರಣ; ವಿಮಾನದ ತೂಕದ ಮಿತಿಯನ್ನು ನೆನೆದರೆ ಮಾತ್ರ ಎದೆ ನಡುಗುತ್ತದೆ. ಅದೇ ಕಂಪನಿಯ ಗೋ ಸರಣಿಯ ಫಿನ್‌ಗಳು ಹಗುರವಾಗಿದ್ದು, ಬರಿಗಾಲಿಗೂ ಬೂಟಿಗೂ ಹೊಂದುವಂತೆ ಮಾಡಿದವು. ಊರಿಗೆ ಬಂದ ಮೇಲೆ ನಾನು ಅಂಥದ್ದೊಂದನ್ನು ಹಾಕಿ ನೋಡಿದೆ. ನನ್ನ ಅಗಲ ಪಾದಕ್ಕೆ ಬರಿಗಾಲಿನಲ್ಲಿ ಹಿತವೆನಿಸಲಿಲ್ಲ, ಬೂಟಿಯೊಡನೆ ಸರಿಯಾಯಿತು.

ಅಳತೆಯ ವಿಷಯದಲ್ಲಿ ಶೂ ನಂಬರನ್ನು ನಂಬಿ ಆನ್‌ಲೈನಿನಲ್ಲಿ ತರಿಸಬೇಡಿ ಎಂಬುದೇ ನನ್ನ ಸಲಹೆ. ಬೂಟಿ ಬೆರಳ ತುದಿಗೆ ತಾಗಬೇಕು, ಬೆರಳು ಮಡಚಬಾರದು; ಹಿಮ್ಮಡಿಯ ಹಿಂದೆ ಗಾಳಿ ನಿಲ್ಲುವ ಜಾಗ ಇರಬಾರದು, ಏಕೆಂದರೆ ನೀರು ತುಂಬಿ ಕಾಲು ಒಳಗೇ ಜಾರುವುದು ಅಲ್ಲಿಂದ. ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಹಾಕಿ ನೋಡಬೇಕು, ಮತ್ತು ಬೂಟಿ ತೊಟ್ಟುಕೊಂಡೇ ಫಿನ್ ಆರಿಸಬೇಕು. ಫಿನ್ನಿನ ಪಟ್ಟಿ ರಬ್ಬರಿನದಾದರೆ ಬಿಡಿ ಪಟ್ಟಿಯೊಂದು ಚೀಲದಲ್ಲಿರಲಿ. ಬಾಡಿಗೆಯ ಫಿನ್ನಿಗೆ ಉಕ್ಕಿನ ಸ್ಪ್ರಿಂಗ್ ಪಟ್ಟಿಯಿತ್ತು. ಹಿಂದಿನಿಂದ ಎಳೆದು ಬಿಟ್ಟರೆ ಸಾಕು, ಬಿಗಿ ಮಾಡುವ ಕೆಲಸವೇ ಇಲ್ಲ. ವಾವು ಅಟಾಲಿನ ಫೊತ್ತೆಯೋ ಕಂಡುವಿನಂಥ ಕಡೆ ಈ ಅನುಕೂಲ ಚಿಕ್ಕದಲ್ಲ. ಕಂಡು ಎಂದರೆ ಸಾಗರದ ನೀರು ಅಟಾಲಿನ ಒಳಗೆ ನುಗ್ಗುವ ಕಾಲುವೆ. ಈಶಾನ್ಯ ಮಾರುತದ ಆ ತಿಂಗಳುಗಳಲ್ಲಿ ಪೂರ್ವದ ಕಂಡುಗಳಿಗೆ ತಿಳಿನೀರು ನುಗ್ಗಿಬರುತ್ತದೆ, ಅದನ್ನು ಹಿಂಬಾಲಿಸಿ ಶಾರ್ಕುಗಳೂ ಬರುತ್ತವೆ. ಸೆಳೆತಕ್ಕೆ ಸಿಕ್ಕು ಗುರಿ ತಪ್ಪದಿರಬೇಕಾದರೆ ಮಾರ್ಗದರ್ಶಿ ಕೂಗಿದ ಕ್ಷಣಕ್ಕೆ ಎಲ್ಲರೂ ಒಟ್ಟಿಗೆ ಹಾರಬೇಕು. ಪಟ್ಟಿ ಬಿಗಿಯುತ್ತ ಕುಳಿತವರು ಶಾರ್ಕು ನೋಡುವ ಅವಕಾಶ ಕಳೆದುಕೊಂಡರು.

ಬೂಟಿಯ ದೋಷಗಳನ್ನೂ ಮುಚ್ಚಿಡುವುದಿಲ್ಲ. ಮೊದಲನೆಯದು, ಅದು ಒಣಗುವುದಿಲ್ಲ. ಸಮುದ್ರದ ಗಾಳಿಯಲ್ಲಿ ಬೋರಲು ನೇತುಹಾಕಿದರೂ ಬೆಳಗಿನ ಆರು ಗಂಟೆಗೆ ತಣ್ಣಗಿನ ಒದ್ದೆ ಬೂಟಿಗೆ ಕಾಲು ತೂರಿಸುವುದು ಇಡೀ ಪ್ರವಾಸದ ಅತ್ಯಂತ ಅಹಿತಕರ ಕ್ಷಣ. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಸುತ್ತಿ ತೂರಿಸಿ, ಆಮೇಲೆ ಚೀಲವನ್ನು ಎಳೆದುಕೊಂಡರೆ ಸಲೀಸು. ಎರಡನೆಯದು ವಾಸನೆ, ನಾಲ್ಕನೆಯ ದಿನದ ಹೊತ್ತಿಗೆ ನನ್ನ ಬೂಟಿಯನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದಿತ್ತು. ಪ್ರತಿದಿನ ಸಿಹಿನೀರಿನಲ್ಲಿ ಜಾಲಿಸಿ, ಒಂದು ಹನಿ ಶಾಂಪೂ ಹಾಕಿ ತೊಳೆಯಬೇಕು. ಮೂರನೆಯದು ಜಿಪ್: ಮರಳುದಿಬ್ಬದಿಂದ ಬಂದ ಮೇಲೆ ಅದು ಕಚ್ಚಿಕೊಂಡಿತು, ಮೇಣದ ಬತ್ತಿ ಉಜ್ಜಿ ಸಡಿಲಿಸಬೇಕಾಯಿತು.

ಚೀಲದ ಬಗ್ಗೆ ಹೇಳುವುದು ಕಡಿಮೆ, ಆದರೆ ಖಚಿತ. ಗಟ್ಟಿ ಸೂಟ್‌ಕೇಸ್ ಬೇಡ. ಕ್ಯಾಬಿನ್ನಿನಲ್ಲಿ ಅದನ್ನಿಡಲು ಜಾಗವಿಲ್ಲ. ಖಾಲಿಯಾದ ಮೇಲೆ ಮಡಚಿ ಮಂಚದಡಿಗೆ ತಳ್ಳಬಹುದಾದ ಡಫಲ್ ಚೀಲವೇ ಸರಿ. ಉದ್ದದ ಫಿನ್ ಅದರಲ್ಲಿ ಓರೆಯಾಗಿ ಮಲಗುತ್ತದೆ, ಬೂಟಿಗಳ ಒಳಗಿನ ಟೊಳ್ಳಿನಲ್ಲಿ ಮಾಸ್ಕಿನ ಬಿಡಿ ಪಟ್ಟಿ, ಟಾರ್ಚು, ಕಿವಿಯ ಹನಿಮದ್ದು ಸೇರುತ್ತವೆ. ಮಾಸ್ಕ್, ಡೈವ್ ಕಂಪ್ಯೂಟರ್, ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಉಸಿರಾಡುವ ಸಾಧನ), ಒಂದು ಜೊತೆ ಈಜುಡುಗೆ ಮತ್ತು ಪ್ರಮಾಣಪತ್ರವನ್ನು ಕೈಚೀಲದಲ್ಲೇ ಇಡಬೇಕು. ಚೆಕ್-ಇನ್ ಮಾಡಿದ ಚೀಲ ತಪ್ಪಿಹೋದರೆ ಹಡಗು ಕಾಯುವುದಿಲ್ಲ. ಟಾರ್ಚಿನ ಲಿಥಿಯಂ ಬ್ಯಾಟರಿಗಳೂ ಪವರ್ ಬ್ಯಾಂಕೂ ಕೈಚೀಲದಲ್ಲಿಯೇ ಹೋಗಬೇಕು. ಅಲ್ಲಿನ ಪ್ಲಗ್ಗು ಬ್ರಿಟಿಷ್ ಮಾದರಿಯ ಚೌಕ ಮೂರು ಕಡ್ಡಿಯದು, ಆದ್ದರಿಂದ ಅಡಾಪ್ಟರ್ ಬೇಕು. ಮದ್ಯ ಮತ್ತು ಹಂದಿಮಾಂಸವನ್ನು ದೇಶದೊಳಕ್ಕೆ ತರುವಂತಿಲ್ಲ. ಚಟ್ನಿಪುಡಿಗೆ ಅಡ್ಡಿಯಿಲ್ಲ, ಐದನೆಯ ದಿನ ನನ್ನ ಡಬ್ಬಿ ಇಡೀ ಹಡಗನ್ನು ಸುತ್ತಿತು.

ಬಟ್ಟೆಯನ್ನು ನೀವು ಅಂದುಕೊಂಡದ್ದಕ್ಕಿಂತ ಅರ್ಧ ಒಯ್ಯಿರಿ. ಮೂರು ಟಿ-ಶರ್ಟು, ಎರಡು ಚಡ್ಡಿ, ಒಂದು ಲುಂಗಿ ನನಗೆ ಧಾರಾಳವಾಯಿತು. ರಾತ್ರಿಯ ಡೈವ್ ಮುಗಿಸಿ ಧೋನಿಯಲ್ಲಿ ಹಿಂತಿರುಗುವಾಗ ಗಾಳಿ ತಡೆಯುವ ಒಂದು ತೆಳು ಜಾಕೆಟ್ ಇರಲಿ. ನೀರು ಬೆಚ್ಚಗಿದ್ದರೂ ನಾಲ್ಕನೆಯ ಡೈವಿನ ನಂತರ ಮೈ ನಡುಗುತ್ತದೆ. ತಲೆಸುತ್ತಿನ ಮಾತ್ರೆಯನ್ನು ಊರಿನಲ್ಲೇ ಒಮ್ಮೆ ನುಂಗಿ, ಮಂಪರು ಬರುತ್ತದೆಯೇ ಎಂದು ನೋಡಿಕೊಂಡು ಒಯ್ಯಬೇಕು.

ವಿಮಾನ ಹತ್ತುವ ಮೊದಲು ಇಡೀ ಒಂದು ದಿನ ನಮ್ಮನ್ನು ನೀರಿಗಿಳಿಸಲಿಲ್ಲ, ದೇಹದಲ್ಲಿ ಉಳಿದ ಸಾರಜನಕ ಹೊರಹೋಗಲು ಆ ಸಮಯ ಬೇಕು. ಆ ಬಿಡುವಿನಲ್ಲಿ ಎಲ್ಲರ ಸಲಕರಣೆಗಳೂ ಮೇಲಿನ ಡೆಕ್ಕಿನಲ್ಲಿ ಬಿಸಿಲು ಕಾಯುತ್ತಿದ್ದವು. ಬಿಸಿಡಿ ಒಣಗಿತು, ವೆಟ್‌ಸೂಟ್ ಒಣಗಿತು, ಫಿನ್ ಒಣಗಿತು. ಬೂಟಿಯನ್ನು ಮಾತ್ರ ಎರಡು ಕಸದ ಚೀಲಗಳಲ್ಲಿ ಗಂಟು ಕಟ್ಟಿ ಡಫಲಿನ ಹೊರಜೇಬಿಗೆ ಹಾಕಿದೆ. ಬೆಂಗಳೂರಿನ ಬಾಲ್ಕನಿಯಲ್ಲಿ ಅದು ಒಣಗಲು ಇನ್ನೂ ಎರಡು ದಿನ ಹಿಡಿಯಿತು.