15 ಕಿಲೋ 600 ಗ್ರಾಂ: ಅಗ್ಗದ ವಿಮಾನ, ಊಟದ ವಿಮಾನ ಮತ್ತು ನನ್ನ ತಕ್ಕಡಿ

ನಾನು ತೂಕದ ಮನುಷ್ಯ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷ ಕಳೆದಿದೆ. ರೈತ ನನ್ನ ಮುಖ ನೋಡುವುದಕ್ಕಿಂತ ಮೊದಲು ನನ್ನ ತಕ್ಕಡಿ ನೋಡುತ್ತಾನೆ. ವರ್ಷಕ್ಕೊಮ್ಮೆ ಇಲಾಖೆಯವರಿಂದ ಅದಕ್ಕೆ ಮುದ್ರೆ ಹಾಕಿಸುತ್ತೇನೆ. ಇಂಥ ನನಗೆ ಹುಬ್ಬಳ್ಳಿ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಒಂದು ಮಂಗಳವಾರ, "ಸರ್, ಹದಿನೈದು ಕಿಲೋ ಮಿತಿಗಿಂತ ಆರುನೂರು ಗ್ರಾಂ ಹೆಚ್ಚಾಗಿದೆ" ಎಂದಳು. ಹಿಂದಿನ ರಾತ್ರಿ ಅದೇ ಚೀಲವನ್ನು ಅಂಗಡಿಯಲ್ಲಿ ತೂಗಿದ್ದೆ. 14 ಕಿಲೋ 900 ಗ್ರಾಂ. ಈ ವಿಮರ್ಶೆ ಬರೆಯಲು ಆ 700 ಗ್ರಾಂ ಕಾರಣ.

ನನ್ನ ಓಡಾಟವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತಿಗೆ ಅರ್ಥವಿರುವುದಿಲ್ಲ. ನಮ್ಮ ಮಾರುಕಟ್ಟೆಯ ದೊಡ್ಡ ದಿನಗಳು ಸೋಮವಾರ ಮತ್ತು ಗುರುವಾರ. ಸೋಮವಾರದ ಟೆಂಡರ್ ಮುಗಿದ ಮೇಲೆ ಕಡ್ಡಿ, ಡಬ್ಬಿ ಎಂಬ ಎರಡೂ ಬಗೆಯ ಕಾಯಿಯಲ್ಲಿ ಬಣ್ಣ ಚೆನ್ನಾಗಿರುವ ಏಳೆಂಟು ಲಾಟುಗಳಿಂದ ಅರ್ಧರ್ಧ ಕಿಲೋ ಮಾದರಿ ತೆಗೆದು ಬಟ್ಟೆಯ ಚೀಲಕ್ಕೆ ತುಂಬುತ್ತೇನೆ. ಮಂಗಳವಾರ ಹುಬ್ಬಳ್ಳಿಯಿಂದ ಮುಂಬೈ, ಅಲ್ಲಿಂದ ವಾಶಿಯ ಮಸಾಲೆ ಮಾರುಕಟ್ಟೆ. ಒಂದು ರಾತ್ರಿ ಅಲ್ಲಿ ಕಳೆದು ಮರುದಿನ ಸಂಜೆ ಮುಂಬೈಯಿಂದ ಬೆಂಗಳೂರಿಗೆ, ಮಗಳ ಮನೆಗೆ. ಅಲ್ಲಿಂದ ರೈಲಿನಲ್ಲಿ ಊರು. ಬೆಂಗಳೂರಿನಿಂದಲೂ ವಿಮಾನದಲ್ಲೇ ಬರಬಾರದೇಕೆ ಎಂದು ಅಳಿಯ ಕೇಳುತ್ತಾನೆ. ನಮ್ಮೂರಿನ ತಲೆಯ ಮೇಲೆ ಹಾರಿ ಹುಬ್ಬಳ್ಳಿಯಲ್ಲಿ ಇಳಿದು, ಮತ್ತೆ ಎರಡು ಗಂಟೆ ಹಿಂದಕ್ಕೆ ಬರುವುದಕ್ಕೆ ದುಡ್ಡು ಕೊಡುವಷ್ಟು ನಾನಿನ್ನೂ ಕೆಟ್ಟಿಲ್ಲ.

ಮಾದರಿಯನ್ನು ಕೊರಿಯರ್‌ನಲ್ಲಿ ಕಳಿಸಬಹುದಲ್ಲ ಎನ್ನುವವರೂ ಇದ್ದಾರೆ. ಮಾದರಿ ಕೊರಿಯರ್‌ನಲ್ಲಿ ಹೋಗುತ್ತದೆ, ಬಾಕಿ ಹಣ ಕೊರಿಯರ್‌ನಲ್ಲಿ ಬರುವುದಿಲ್ಲ. ಎದುರಿಗೆ ಹೋಗಿ ಕೂತು ಒಂದು ಕಪ್ ಚಹಾ ಕುಡಿದರೆ ಮಾತ್ರ ಬರುತ್ತದೆ.

2018ರಲ್ಲಿ ಹುಬ್ಬಳ್ಳಿಗೆ ವಿಮಾನಗಳು ಹೆಚ್ಚಾದಾಗಿನಿಂದ ಸುಗ್ಗಿಯ ತಿಂಗಳುಗಳಲ್ಲಿ ಹೀಗೆ ಓಡಾಡುತ್ತಿದ್ದೇನೆ. ಕೊರೋನಾದ ಎರಡು ವರ್ಷ ಲೆಕ್ಕಕ್ಕಿಲ್ಲ. ಅದಕ್ಕೂ ಮೊದಲು ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡು ಹೋಗುತ್ತಿದ್ದೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಆ ವಿಮಾನ ಇಳಿದ ಮೊದಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಆಗ ನೋಡಲು ಹೋಗಿದ್ದೆನೇ ಹೊರತು ಹತ್ತಲಿಲ್ಲ. ಗೋಕುಲ ರಸ್ತೆಯ ಬೇಲಿಯ ಆಚೆ ನಿಂತು ನೋಡಿ, ಮಿರ್ಚಿ ತಿಂದು ಮನೆಗೆ ಬಂದೆವು.

ಹುಬ್ಬಳ್ಳಿಯಿಂದ ಹೊರಡುವವರಿಗೆ "ಅಗ್ಗದ್ದೋ, ಪೂರ್ಣ ಸೇವೆಯದ್ದೋ" ಎಂಬ ಪ್ರಶ್ನೆ ಅರ್ಧ ಸುಳ್ಳು. ಪೂರ್ಣ ಸೇವೆಯದ್ದೆಂದರೆ ಟಿಕೆಟ್ಟಿನ ದುಡ್ಡಿನಲ್ಲೇ ಊಟವನ್ನೂ ಕೊಡುವಂಥದ್ದು, ನನ್ನ ಮಾತಿನಲ್ಲಿ ಊಟದ ವಿಮಾನ. ಇಲ್ಲಿ ಇರುವುದನ್ನು ಹತ್ತಬೇಕು. ಮಾರ್ಚ್ ಕೊನೆಗೊಮ್ಮೆ, ಅಕ್ಟೋಬರ್ ಕೊನೆಗೊಮ್ಮೆ ವಿಮಾನಗಳ ವೇಳಾಪಟ್ಟಿ ಬದಲಾಗುತ್ತದೆ. ಆಗ ಒಂದೂರಿಗೆ ಇದ್ದ ವಿಮಾನ ಮಾಯವಾಗಿ ಇನ್ನೊಂದೂರಿಗೆ ಹೊಸದು ಬರುತ್ತದೆ. ಆಯ್ಕೆ ಶುರುವಾಗುವುದು ಮುಂಬೈ–ಬೆಂಗಳೂರಿನಂಥ ದಾರಿಯಲ್ಲಿ. ಸುಮಾರು ಒಂದೂಮುಕ್ಕಾಲು ಗಂಟೆಯ ಹಾರಾಟ, ದಿನಕ್ಕೆ ಎಷ್ಟೋ ವಿಮಾನಗಳು. ಟಿಕೆಟ್ ದರದ ಏರಿಳಿತ, ಸೀಟಿಗೆ ಬೇರೆ ದುಡ್ಡು, ಕಾಲು ಚಾಚುವ ಜಾಗ ಇವೆಲ್ಲ ನಿಮಗೆ ಗೊತ್ತಿರುವ ವಿಷಯ. ನಾನು ಸೀಟಿಗೆ ದುಡ್ಡು ಕೊಡುವುದಿಲ್ಲ, ಆದ್ದರಿಂದ ನಡುವಿನ ಸೀಟೇ ಸಿಗುತ್ತದೆ. ಎರಡೂ ಕಡೆಯವರ ಮೊಣಕೈಗಳ ನಡುವೆ ಕೂತು ನಿದ್ದೆ ಮಾಡುವ ಕಲೆ ನನಗೆ ಬಂದಿದೆ.

ನನ್ನ ಸೋಮವಾರ ರಾತ್ರಿಯ ಪೂಜೆ ಏನೆಂದರೆ ಚೀಲ ತೂಗುವುದು. ಮಾದರಿಗಳು 4 ಕಿಲೋ. ಬಟ್ಟೆ, ಲೆಕ್ಕದ ಪುಸ್ತಕ ಸೇರಿ 3. ಉಳಿದದ್ದೆಲ್ಲ ಮಗಳಿಗೆ ಹೆಂಡತಿ ಕಟ್ಟಿಕೊಡುವ ಸಾಮಾನು: ಜೋಳದ ಹಿಟ್ಟು, ಕಡಕ್ ರೊಟ್ಟಿ, ಮೆಣಸಿನ ಪುಡಿ, ಶೇಂಗಾ ಚಟ್ನಿ. ಬೆಂಗಳೂರಿನಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲವೇ ಎಂದು ಒಮ್ಮೆ ಕೇಳಿ ಒಂದು ದಿನ ಮಾತಿಲ್ಲದೆ ಊಟ ಮಾಡಿದ್ದೇನೆ. ಹೀಗಾಗಿ ನಮ್ಮ ಮನೆಯ ಜೋಳದ ಹಿಟ್ಟು ಬ್ಯಾಡಗಿಯಿಂದ ಹೊರಟು, ಮುಂಬೈ ನೋಡಿಕೊಂಡು, ಬೆಂಗಳೂರು ಸೇರುತ್ತದೆ. ಅದನ್ನೆಲ್ಲ ತುಂಬಿದ ಚೀಲವನ್ನು ಅಂಗಡಿಯ ತಕ್ಕಡಿಯ ಮೇಲೆ ಇಟ್ಟು, ಫ್ಯಾನ್ ಆರಿಸಿ, ಅಂಕಿ ನಿಲ್ಲುವವರೆಗೆ ಕಾಯುತ್ತೇನೆ. ಫ್ಯಾನಿನ ಗಾಳಿಗೂ ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗುತ್ತದೆ, ತಮಾಷೆಯಲ್ಲ.

ಆ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಹೆಚ್ಚಾದದ್ದಕ್ಕೆ ಒಂದು ಪೂರ್ತಿ ಕಿಲೋದ ಹಣ ಕೊಡಿ ಎಂದರು. ಆ ದರಕ್ಕೆ ನಮ್ಮ ಮಾರುಕಟ್ಟೆಯಲ್ಲಿ ಆ ವಾರ ಒಂದು ಕಿಲೋ ಕಡ್ಡಿಯೂ ಮಾರಾಟವಾಗಿರಲಿಲ್ಲ. ತೆಗೆದು ಕೈಚೀಲಕ್ಕೆ ಹಾಕಿಕೊಳ್ಳುತ್ತೇನೆ ಎಂದು ಅಲ್ಲೇ ನೆಲದ ಮೇಲೆ ಜಿಪ್ ಬಿಚ್ಚಿದೆ. ಮೆಣಸಿನ ಪುಡಿಯನ್ನು ಕೈಚೀಲದಲ್ಲಿ ಒಳಗೆ ಬಿಡುವುದಿಲ್ಲ, ಅದು ನನಗೆ ಗೊತ್ತು. ರೊಟ್ಟಿಯ ಪೊಟ್ಟಣ ಎಳೆಯುವಾಗ ಒಂದು ಮಾದರಿ ಚೀಲದ ಬಾಯಿ ಸಡಿಲವಾಯಿತು. ಬ್ಯಾಡಗಿಯ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಗುಂಟೂರಿನವರು ನಮ್ಮ ಕಾಯಿಯನ್ನು ನೋಡಿ ನಗುತ್ತಾರೆ. ಆದರೂ ಒಣಗಿದ ಕಾಯಿಯ ಧೂಳಿಗೆ ಅದರದೇ ಘಾಟು ಇರುತ್ತದೆ. ಮೊದಲು ನನ್ನ ಹಿಂದಿನವರು ಸೀನಿದರು, ಆಮೇಲೆ ಪಕ್ಕದ ಸಾಲಿನ ಮಗು, ಕೊನೆಗೆ ಕೌಂಟರಿನ ಹುಡುಗಿ. ಕಣ್ಣೊರೆಸಿಕೊಂಡೇ ಆಕೆ ಹೇಳಿದಳು, "ಪರವಾಗಿಲ್ಲ ಸರ್, ನಮ್ಮ ಮನೆಯಲ್ಲೂ ಇದೇ ಕಾಯಿ." ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ತಕ್ಕಡಿಯ ಮೇಲೆ. ಬಗ್ಗಿ ಮುದ್ರೆಯ ಚೀಟಿ ಎಲ್ಲಿದೆ ಎಂದು ಹುಡುಕಿದೆ. ಹಿಂದೆ ನಿಂತವರೊಬ್ಬರು, "ಯಜಮಾನರೇ, ವಿಮಾನ ಹೋಗುತ್ತದೆ" ಎಂದರು.

ಅಂದಿನಿಂದ ಅಗ್ಗದ ಸಂಸ್ಥೆಗಳೆಂದರೆ ತೂಕದಲ್ಲಿ ಮೋಸ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಬರುವ ದಾರಿಯಲ್ಲಿ ಹೆಚ್ಚು ಕೊಟ್ಟಾದರೂ ಊಟದ ವಿಮಾನವನ್ನೇ ಹತ್ತಿದೆ.

ಊಟದ ವಿಮಾನದ ಸುಖ ನಿಜವಾದ ಸುಖ, ಅದನ್ನು ಅಲ್ಲಗಳೆಯುವುದಿಲ್ಲ. ಆಗ ನಾನು ಹತ್ತುತ್ತಿದ್ದದ್ದರಲ್ಲಿ 25 ಕಿಲೋವರೆಗೆ ಬಿಡುತ್ತಿದ್ದರು. ವಾಶಿಯಲ್ಲಿ ಮಾದರಿಗಳು ಇಳಿದ ಜಾಗಕ್ಕೆ ಜೀರಿಗೆ, ಬಾದಾಮಿ, ಉತ್ತತ್ತಿ ಏರುತ್ತಿದ್ದವು. ಹೆಂಡತಿಯ ಪಟ್ಟಿ ಒಂದು, ಮಗಳ ಪಟ್ಟಿ ಒಂದು. ಕೌಂಟರಿನಲ್ಲಿ ಚೀಲ ಇಟ್ಟರೆ ಅಂಕಿಯ ಕಡೆ ಯಾರೂ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ವಿಮಾನ ಮೇಲೇರಿ ಸೀಟು ಬೆಲ್ಟಿನ ದೀಪ ಆರಿದ ಕೂಡಲೇ ತಳ್ಳುಗಾಡಿಯ ಸದ್ದು. ಬಿಸಿ ತಟ್ಟೆಯ ಮೇಲಿನ ಹಾಳೆ ಬಿಚ್ಚಿದರೆ ಹಬೆ ಕನ್ನಡಕಕ್ಕೆ ಬಡಿಯುತ್ತಿತ್ತು. ಅನ್ನ, ಪನ್ನೀರ್, ಬೆರಳಿನಷ್ಟು ಸಿಹಿ, ಜೊತೆಗೆ ಒಂದು ಗಟ್ಟಿ ಬನ್ನು. ಬನ್ನನ್ನು ನಾನು ತಿನ್ನುತ್ತಿರಲಿಲ್ಲ, ಮೊಮ್ಮಗನಿಗೆಂದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಚಹಾ ಮಾತ್ರ ನೀರು. ಮೂವತ್ತು ವರ್ಷ ವಾಶಿಯ ವ್ಯಾಪಾರಿಗಳ ಶುಂಠಿ ಚಹಾ ಕುಡಿದವನು ಅದನ್ನು ಚಹಾ ಎನ್ನಲಾರ. ಆದರೂ ಕುಡಿಯುತ್ತಿದ್ದೆ. ಕಿಟಕಿಯ ಆಚೆ ಕತ್ತಲು, ಕೈಯಲ್ಲಿ ಬಿಸಿ ಲೋಟ, ವಸೂಲಿಯಾದ ಚೆಕ್ಕು ಒಳಜೇಬಿನಲ್ಲಿ. ಆ ಇಪ್ಪತ್ತು ನಿಮಿಷಕ್ಕೇ ನಾನು ಸಾವಿರ ರೂಪಾಯಿ ಹೆಚ್ಚು ಕೊಡುತ್ತಿದ್ದೆ ಎಂದು ಈಗ ಅನಿಸುತ್ತದೆ.

ಹೀಗೆ ಉಣ್ಣಿಸಿದವರೆಲ್ಲ ದಿವಾಳಿಯಾದರು ಎಂದು ನಮ್ಮ ಅಂಗಡಿಯ ಗುಮಾಸ್ತರು ಹೇಳುತ್ತಾರೆ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ 2019ರಲ್ಲಿ. ಹಾಗಾದರೆ ಉಣ್ಣಿಸದ ಗೋ ಫಸ್ಟ್ 2023ರಲ್ಲಿ ಏಕೆ ನಿಂತಿತು ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ.

2024 ಬಂತು. ಮೇ ತಿಂಗಳಲ್ಲಿ ಟಿಕೆಟ್ ತೆಗೆಯಲು ಕೂತಾಗ ನೋಡುತ್ತೇನೆ, ನಾನು ಕೊಳ್ಳುವ ಕೆಳಗಿನ ದರಕ್ಕೆ ಊಟದ ವಿಮಾನದಲ್ಲೂ 15 ಕಿಲೋ. ಹೆಚ್ಚು ಬೇಕಿದ್ದರೆ ಮೇಲಿನ ದರದ ಟಿಕೆಟ್. ಅದೇ ನವೆಂಬರ್‌ನಲ್ಲಿ ಇದ್ದ ಎರಡು ಪೂರ್ಣ ಸೇವೆಯ ಸಂಸ್ಥೆಗಳು ಕೂಡಿ ಒಂದಾದವು. ಅಂಗಡಿ ಒಂದೇ ಉಳಿದರೆ ದರ ಯಾವ ಕಡೆ ಹೋಗುತ್ತದೆ ಎಂದು ದಲಾಲಿಗೆ ಯಾರೂ ಕಲಿಸಬೇಕಿಲ್ಲ. ಅಲ್ಲಿಗೆ ಆ ಸಾವಿರ ರೂಪಾಯಿ ಒಂದು ತಟ್ಟೆ ಅನ್ನ ಮತ್ತು ನೀರು ಚಹಾದ ಬೆಲೆಯಾಯಿತು. ಮುಂಬೈಯಲ್ಲಿ ಹೊರಡುವ ಮೊದಲು ಉಪ್ಪಿಟ್ಟು ತಿಂದರೂ ನೂರರ ಒಳಗೆ ಮುಗಿಯುತ್ತದೆ.

ಮುನಿಸಿಕೊಂಡೇ ಮತ್ತೆ ಅಗ್ಗದ ಸಂಸ್ಥೆಗೆ ಮರಳಿದೆ. ಜುಲೈ ತಿಂಗಳು. ಸುಗ್ಗಿ ಮುಗಿದಿದ್ದರೂ ಒಂದು ಹಳೆಯ ಬಾಕಿಗಾಗಿ ಮುಂಬೈಗೆ ಹೋಗಿದ್ದೆ. ಸಂಜೆ ಮಳೆ ಹಿಡಿಯಿತು, ಮುಂಬೈಯ ಮಳೆ ಗೊತ್ತಲ್ಲ. ಫಲಕದಲ್ಲಿ ನನ್ನ ವಿಮಾನ ಒಂದು ಗಂಟೆ ತಡ, ಆಮೇಲೆ ಎರಡು, ಆಮೇಲೆ ಎರಡೂವರೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಮೀರಿ ತಡವಾದರೆ ಕಾಯುವವರಿಗೆ ತಿನ್ನಲು ಕುಡಿಯಲು ಕೊಡಬೇಕೆಂದು ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ, ಅಗ್ಗದ ಸಂಸ್ಥೆಗೂ ಅದೇ ನಿಯಮ. ಕೇಳದಿದ್ದರೆ ಕೊಡುವುದಿಲ್ಲ. ಹೋಗಿ ಕೇಳಿದೆ. ಹುಡುಗ ತಕರಾರಿಲ್ಲದೆ ಒಂದು ಡಬ್ಬಿ ಕೊಟ್ಟ. ತಣ್ಣನೆಯ ಸ್ಯಾಂಡ್‌ವಿಚ್, ಒಂದು ಹಣ್ಣಿನ ರಸ. ನಾನು ತಂದದ್ದನ್ನು ನೋಡಿ ಹತ್ತು ಜನ ಎದ್ದು ಹೋದರು.

ಕೊನೆಗೆ ವಿಮಾನ ರದ್ದಾಯಿತು. ಮಳೆಯ ಕಾರಣಕ್ಕೆ ರದ್ದಾದರೆ ಪರಿಹಾರದ ಹಣ ಇರುವುದಿಲ್ಲ. ಬೇರೆ ವಿಮಾನ ಅಥವಾ ಟಿಕೆಟ್ಟಿನ ಹಣ, ಎರಡರಲ್ಲಿ ಒಂದನ್ನು ಕೇಳಬಹುದು ಅಷ್ಟೇ. ಆ ದಾರಿಯಲ್ಲಿ ಅವರ ವಿಮಾನಗಳು ಒಂದರ ಹಿಂದೆ ಒಂದು ಇದ್ದುದರಿಂದ ರಾತ್ರಿಯ ಇನ್ನೊಂದರಲ್ಲಿ ನನಗೆ ಸೀಟು ಸಿಕ್ಕಿತು, ಮತ್ತೆ ನಡುವಿನದ್ದೇ. ಪಕ್ಕದ ಕೌಂಟರಿನ ಸಾಲಿನಲ್ಲಿ ಊಟದ ಸಂಸ್ಥೆಯ ಪ್ರಯಾಣಿಕರೊಬ್ಬರು, ನಮಗೆ ವಿಮಾನ ಬೆಳಿಗ್ಗೆಯೇ ಎಂದು ಮೊಬೈಲ್ ಚಾರ್ಜರ್ ಹುಡುಕುತ್ತಿದ್ದರು. ಕೆಟ್ಟ ದಿನದಲ್ಲಿ ಕೈ ಹಿಡಿಯುವುದು ಊಟದ ತಟ್ಟೆಯಲ್ಲ, ಅದೇ ದಾರಿಯಲ್ಲಿ ಆ ಸಂಸ್ಥೆಗೆ ದಿನಕ್ಕೆ ಎಷ್ಟು ವಿಮಾನ ಇವೆ ಎನ್ನುವುದು. ಟಿಕೆಟ್ ತೆಗೆಯುವ ಮೊದಲು ನಾನೀಗ ನೋಡುವುದು ಅದನ್ನೇ. ಇನ್ನೊಂದು ಮಾತು: ಎರಡು ಸಂಸ್ಥೆಗಳ ಟಿಕೆಟ್ ಬೇರೆ ಬೇರೆ ತೆಗೆದು ಬೆಂಗಳೂರಿನಲ್ಲಿ ವಿಮಾನ ಬದಲಿಸುವವರು ಇದ್ದೀರಿ. ಹುಬ್ಬಳ್ಳಿಯ ವಿಮಾನ ತಡವಾದರೆ ಎರಡನೆಯವರಿಗೆ ಅದರ ಗೊಡವೆಯೇ ಇಲ್ಲ. ಒಂದೇ ಟಿಕೆಟ್ಟಿನಲ್ಲಿ ಎರಡೂ ಇರುವಂತೆ ತೆಗೆಯಿರಿ, ಇನ್ನೂರು ಮುನ್ನೂರು ಹೆಚ್ಚಾದರೂ ಸರಿ.

ಆ ರಾತ್ರಿ ಎರಡರ ಹೊತ್ತಿಗೆ ಮಗಳ ಮನೆ ಸೇರಿ ಚೀಲ ಬಿಚ್ಚಿದೆವು. ಹಿಟ್ಟಿನ ಪೊಟ್ಟಣದ ಕೆಳಗೆ, ನನ್ನ ಧೋತರದ ಮಡಿಕೆಯೊಳಗೆ, ಹಳೆಯ ಹಾರ್ಲಿಕ್ಸ್ ಬಾಟಲಿಯೊಂದು ಹೊರಬಂತು. ಗುರೆಳ್ಳು ಚಟ್ನಿ. ನಾನು ತೂಗಿದಾಗ ಅದು ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮಗಳು ನಗುತ್ತಾ, "ಅಪ್ಪಾ, ಅವ್ವ ಪ್ರತಿ ಸಲವೂ ನೀವು ಮಲಗಿದ ಮೇಲೆ ಇಡುತ್ತಾಳೆ, ನಿಮಗೆ ಗೊತ್ತಿಲ್ಲವೇ?" ಎಂದಳು. ಅವಳ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಬಾಟಲಿಯನ್ನು ಇಟ್ಟು ನೋಡಿದೆ. 690 ಗ್ರಾಂ.

ವಿಮಾನ ನಿಲ್ದಾಣದ ತಕ್ಕಡಿಯ ಬಗ್ಗೆ ಊರಿನಲ್ಲಿ ನಾನಾಡಿದ ಮಾತುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಇಲ್ಲಿ ಬರೆದು ತೆಗೆದುಕೊಳ್ಳುತ್ತಿದ್ದೇನೆ. ಆದರೆ ಆರುನೂರು ಗ್ರಾಮಿಗೆ ಒಂದು ಪೂರ್ತಿ ಕಿಲೋದ ಹಣ ಕೇಳಿದ್ದನ್ನು ಈಗಲೂ ಒಪ್ಪುವುದಿಲ್ಲ. ನಾನು ರೈತನಿಗೆ ಹಾಗೆ ಮಾಡಿದರೆ ಸಂಜೆಯೊಳಗೆ ಅಂಗಡಿಗೆ ಬೀಗ ಬೀಳುತ್ತದೆ. ಈಗ ಒಂದು ಉಪಾಯ ಮಾಡಿದ್ದೇನೆ. ಹೆಚ್ಚಿನ ತೂಕವನ್ನು ಟಿಕೆಟ್ಟಿನ ಜೊತೆಗೆ ಮೊದಲೇ ಕೊಂಡರೆ ಕೌಂಟರಿಗಿಂತ ಅಗ್ಗವಾಗಿ ಬೀಳುತ್ತದೆ. ವಾಶಿಯಿಂದ ಬರುವ ದಾರಿಗೆ ಅದನ್ನು ಕೊಳ್ಳುತ್ತೇನೆ, ಆದರೂ ಊಟದ ವಿಮಾನಕ್ಕಿಂತ ಕಡಿಮೆಯೇ. ಹೋಗುವ ದಾರಿಗೆ ಕೊಳ್ಳುವುದಿಲ್ಲ. ಅಲ್ಲಿ ನನ್ನ ತಕ್ಕಡಿಯ ಮರ್ಯಾದೆಯ ಪ್ರಶ್ನೆ.

ನಾಳೆ ಮಂಗಳವಾರ. ಚೀಲ ಎದುರಿಗೆ ತಕ್ಕಡಿಯ ಮೇಲೆಯೇ ಇದೆ, 14 ಕಿಲೋ 200 ಗ್ರಾಂ. ಈ ಸಲ ಚೀಲವನ್ನು ಮನೆಗೆ ಒಯ್ಯದೆ ಅಂಗಡಿಯಲ್ಲೇ ಬೀಗ ಹಾಕಿ ಇಡುತ್ತೇನೆ ಎಂದು ಹೇಳಿ ಬಂದಿದ್ದೆ. ಈಗಷ್ಟೇ ಮನೆಯಿಂದ ಫೋನ್ ಬಂತು. "ರೀ, ಊಟಕ್ಕೆ ಬರುವಾಗ ಅಂಗಡಿಯ ಕೀಲಿ ಕೈ ತರಲು ಮರೆಯಬೇಡಿ" ಎಂದಳು.