ತರಕಾರಿ ತಿನ್ಸೋಕೆ ಕ್ರಾಫ್ಟ್: ಪೇಪರ್ ತಟ್ಟೆನಾ, ಕ್ಲೇನಾ, ಸ್ಟ್ಯಾಂಪಾ, ಮೊಳಕೆನಾ?

"ತರಕಾರಿ ತಿನ್ನು, ಶಕ್ತಿ ಬರುತ್ತೆ" ಅಂತ ಹೇಳಿ ಹೇಳಿ ಸಾಕಾದೋರೇ ಜಾಸ್ತಿ ಕ್ರಾಫ್ಟ್ ಕಡೆ ಬರೋದು, ನಾನೂ ಹಾಗೇ ಬಂದೋಳು. ಮಗನಿಗೆ ಆರು, ಮಗಳಿಗೆ ಮೂರು, ಇಬ್ರ ಜೊತೆಗೂ ಈ ನಾಲ್ಕೂ ಮಾಡ್ಸಿದೀನಿ. ನಾನು ನೋಡಿದ್ದು ಎರಡೇ ವಿಷಯ, ತಲೆಗೆ ಏನಾದ್ರೂ ಹೋಯ್ತಾ, ಹೊಟ್ಟೆಗೆ ಏನಾದ್ರೂ ಹೋಯ್ತಾ. ಒಂದಾದ್ರೆ ಇನ್ನೊಂದು ಆಗುತ್ತೆ ಅಂತೇನಿಲ್ಲ ನೋಡಿ.

ಪೇಪರ್ ತಟ್ಟೆ ಎಲ್ರಿಗೂ ಗೊತ್ತಿರೋದೇ. ಅರ್ಧ ತಟ್ಟೆಗೆ ಹಣ್ಣು ತರಕಾರಿ, ಉಳಿದರ್ಧದಲ್ಲಿ ಒಂದ್ಕಡೆ ಧಾನ್ಯ, ಒಂದ್ಕಡೆ ಬೇಳೆಕಾಳು ಮೊಟ್ಟೆ ಥರದ್ದು, ಹಳೇ ಮ್ಯಾಗಜಿನ್‌ನಿಂದ ಕತ್ತರಿಸಿ ಅಂಟ್ಸೋದು. ಅಮೆರಿಕದ ಕೃಷಿ ಇಲಾಖೆ 1992ರಲ್ಲಿ ಯಾವ್ದು ಎಷ್ಟು ತಿನ್ಬೇಕು ಅಂತ ತೋರ್ಸೋ ಪಿರಮಿಡ್ ಚಿತ್ರ ತಂದಿತ್ತು, 2011ರಲ್ಲಿ ಅವ್ರೇ ಪಿರಮಿಡ್ ಬಿಟ್ಟು ತಟ್ಟೆಗೆ ಬಂದ್ರು, ಸರಿನೇ ಅಲ್ವಾ, ಪಿರಮಿಡ್ಡಲ್ಲಿ ಯಾರು ಊಟ ಮಾಡ್ತಾರೆ. ಆರು ವರ್ಷದೋನಿಗೆ ಇದು ಚೆನ್ನಾಗಿ ತಲೆಗೆ ಹೋಯ್ತು, ಊಟಕ್ಕೆ ಕೂತಾಗ "ಅಮ್ಮ, ನಿನ್ ತಟ್ಟೇಲಿ ಹಸಿರೇ ಇಲ್ಲ" ಅಂತ ನನ್ನನ್ನೇ ಹಿಡೀತಾನೆ, ಅವನ ತಟ್ಟೇಲಿರೋ ಬೀನ್ಸ್ ಮಾತ್ರ ಹಾಗೇ ಇರುತ್ತೆ. ಮೂರು ವರ್ಷದೋಳಿಗೆ ಗಮ್ ಬಿಟ್ರೆ ಏನೂ ಕಾಣ್ಲಿಲ್ಲ. ಇದ್ರಲ್ಲಿ ಚಾಕ್ಲೇಟ್ ಪಕ್ಕ ಅಳೋ ಮುಖ, ಕ್ಯಾರೆಟ್ ಪಕ್ಕ ನಗೋ ಮುಖ ಅಂಟ್ಸೋ ಶೋಕಿ ಇದೆಯಲ್ಲ, ಅದು ನಂಗೆ ಸುತರಾಂ ಇಷ್ಟ ಇಲ್ಲ, ಬೇಡ ಅಂದಿದ್ದಕ್ಕೇ ಮಕ್ಳ ಕಣ್ಣು ಹೋಗೋದು.

ಕ್ಲೇನಲ್ಲಿ ಹಣ್ಣು ತರಕಾರಿ ಮಾಡೋದು ಬರೀ ಆಟ, ಕೈಗೆ ಒಳ್ಳೇ ಕೆಲ್ಸ, ಅಷ್ಟೇ. ಮನೇಲೇ ಹಿಟ್ಟು ಉಪ್ಪು ಕಲಸಿ ಮಾಡೋರು ಹುಷಾರು, ಅದ್ರಲ್ಲಿ ಉಪ್ಪು ಸಿಕ್ಕಾಪಟ್ಟೆ ಇರುತ್ತೆ, ಚಿಕ್ಕೋರು ತಿಂದ್ರೆ ಅಪಾಯ.

ಸ್ಟ್ಯಾಂಪಿಂಗ್, ಅಂದ್ರೆ ಕತ್ತರಿಸಿದ ತರಕಾರಿನ ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತೋದು, ಅದಕ್ಕೆ ಬಂದ್ರೆ ಕಥೆನೇ ಬೇರೆ. ಕ್ಯಾಪ್ಸಿಕಂ ಅಡ್ಡಕ್ಕೆ ಕತ್ತರಿಸಿದ್ರೆ ಮೂರ್ನಾಲ್ಕು ಎಸಳಿನ ಹೂವು, ಈರುಳ್ಳೀಲಿ ಉಂಗುರದೊಳಗೆ ಉಂಗುರ, ಬ್ರೊಕೊಲಿ ಉದ್ದಕ್ಕೆ ಸೀಳಿದ್ರೆ ಮರ. ಕತ್ತರಿಸಿದ ಕಡೆ ಬಟ್ಟೇಲಿ ಒತ್ತಿ ನೀರು ತೆಗೀಬೇಕು, ಇಲ್ದಿದ್ರೆ ಬಣ್ಣ ಹರ್ಕೊಂಡು ಬರೀ ಕಲೆ ಆಗುತ್ತೆ. ಪೋಸ್ಟರ್ ಪೇಂಟ್ ಬದ್ಲು ನಾನು ಬೀಟ್‌ರೂಟ್ ರಸ ಇಟ್ಟೆ, ಯಾಕಂದ್ರೆ ಸ್ಟ್ಯಾಂಪ್ ಮಾಡ್ತಾ ಮಾಡ್ತಾ ಚಿಕ್ಕೋಳು ಕ್ಯಾಪ್ಸಿಕಂ ಕಡಿಯೋದು ಗ್ಯಾರಂಟಿ, ಕಡಿದ್ಲು ಕೂಡ! ತಟ್ಟೇಲಿ ಹಾಕಿದ್ರೆ ಮುಟ್ಟದೋಳು. ಬೀಟ್‌ರೂಟ್ ಬಣ್ಣ ಒಣಗ್ತಾ ಕಂದು ತಿರುಗುತ್ತೆ, ಗೋಡೆಗೆ ಹಾಕ್ಬೇಕು ಅನ್ನೋರಿಗೆ ಬೇಜಾರಾಗ್ಬಹುದು. ಹಾಗೇ ನೇರಳೆ ಕೋಸು ಬಿಸಿನೀರಲ್ಲಿ ನೆನೆಸಿ ಆ ನೀರು ಮೂರು ಬಟ್ಟಲಿಗೆ ಹಾಕಿ, ಒಂದಕ್ಕೆ ನಿಂಬೆರಸ ಹಿಂಡಿದ್ರೆ ಗುಲಾಬಿ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ನೀಲಿ, ಸೋಡಾ ಜಾಸ್ತಿ ಆದ್ರೆ ಹಸಿರಿಗೆ ತಿರುಗುತ್ತೆ. ಕೋಸಲ್ಲಿರೋ ಆಂಥೋಸಯಾನಿನ್ ಅನ್ನೋ ಬಣ್ಣ ಹುಳಿಗೆ ಒಂಥರ, ಸೋಡಾಗೆ ಒಂಥರ ಆಗೋದು. ಮಗ ಇಡೀ ಮಧ್ಯಾಹ್ನ ಅದ್ರಲ್ಲೇ ಇದ್ದ, ಸಂಜೆ ಅದೇ ಕೋಸು ಸಲಾಡಲ್ಲಿ ನಿಂಬೆ ಹಿಂಡಿ ಕೊಟ್ರೆ ಬಣ್ಣ ಬದಲಾಗೋದು ನೋಡ್ಕೊಂಡೇ ತಿಂದ.

ಮೊಳಕೆ ನಿಧಾನ. ಖಾಲಿ ಮೊಟ್ಟೆ ಚಿಪ್ಪು ತೊಳೆದು ಮುಖ ಬರೆದು, ಒಳಗೆ ಒದ್ದೆ ಹತ್ತಿ, ಮೇಲೆ ಸಾಸಿವೆ. ಮೂರ್ನಾಲ್ಕು ದಿನಕ್ಕೆ ತಲೆಕೂದಲು ಬರೋಕೆ ಶುರು, ಒಂದು ವಾರದಲ್ಲಿ ಹೇರ್‌ಕಟ್. ಬಿತ್ತನೆಗೆ ಅಂತ ಮಾರೋ ಬೀಜಕ್ಕೆ ಔಷಧಿ ಹಾಕಿರ್ಬಹುದು, ಅಡುಗೆಮನೆ ಸಾಸಿವೆನೇ ಸಾಕು. ಹಸಿಯಾಗಿ ಮಾತ್ರ ಚಿಕ್ಕ ಮಕ್ಳಿಗೆ ಕೊಡ್ಬೇಡಿ, ಆ ತೇವದಲ್ಲಿ ಬ್ಯಾಕ್ಟೀರಿಯಾನೂ ಬೆಳೆಯುತ್ತೆ, ನಾನು ಆಮ್ಲೆಟ್‌ಗೆ ಹಾಕಿ ಚೆನ್ನಾಗಿ ಬೇಯಿಸ್ದೆ. ತಾನೇ ಕತ್ತರಿಸಿದ್ದು ಅಂತ ಮಗಳು ಯಾರಿಗೂ ಕೊಡದೆ ತಿಂದ್ಲು.

ನನ್ ಲೆಕ್ಕದಲ್ಲಿ ಐದರೊಳಗಿನೋರಿಗೆ ಸ್ಟ್ಯಾಂಪು ಮೊದಲು, ಮೊಳಕೆ ಆಮೇಲೆ. ಪೇಪರ್ ತಟ್ಟೆ ಸ್ಕೂಲಿಗೆ ಹೋಗೋ ವಯಸ್ಸಿಗೆ. ಎರಡರಿಂದ ಆರು ವರ್ಷದ ತನಕ ಹೊಸ ಊಟ ಅಂದ್ರೆ ಹೆದರೋದು ಮಾಮೂಲು, ಒಂದು ರುಚಿ ಒಪ್ಪೋಕೆ ಎಂಟ್ಹತ್ತು ಸಲ, ಕೆಲವ್ರಿಗೆ 15 ಸಲ ತೋರಿಸ್ಬೇಕಾಗುತ್ತೆ, ಆಟದಲ್ಲಿ ಕಡಿದ ಕ್ಯಾಪ್ಸಿಕಂ ಕೂಡ ಅದ್ರಲ್ಲಿ ಒಂದು ಸಲ ಅಂತ ನಾನಂತೂ ಲೆಕ್ಕ ಹಾಕ್ತೀನಿ. ಗ್ಲಿಟರ್ ಮಾತ್ರ ಆ ಟೇಬಲ್ ಹತ್ರನೂ ತರ್ಬೇಡಿ, ಕೈಯಿಂದ ತರಕಾರಿಗೆ, ತರಕಾರಿಯಿಂದ ಬಾಯಿಗೆ ಹೋಗುತ್ತೆ.