ಕುದುರೆಮುಖ ಹತ್ತುವ ಮುನ್ನ: ‘ಅರಣ್ಯ ವಿಹಾರ’ ಜಾಲತಾಣ ಎಷ್ಟು ಸಾಕು?

ಬೆಂಗಳೂರಿನಿಂದ ವಾರಾಂತ್ಯಕ್ಕೆ ಕುದುರೆಮುಖಕ್ಕೆ ಹೊರಡುವವರಿಗೆ ಅರಣ್ಯ ಇಲಾಖೆಯ ಈ ಜಾಲತಾಣ ನಿಜಕ್ಕೂ ಉಪಕಾರಿ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಚಾರಣ ಶುರುವಾಗುವ ಮುಳ್ಳೋಡಿಗೆ ಹೋಗಿ ಟಿಕೆಟ್ ಕೇಳೋಣ ಎಂದುಕೊಳ್ಳಬೇಡಿ, ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ. ಆದರೆ ಟಿಕೆಟ್ ಕೈಯಲ್ಲಿದ್ದ ಮಾತ್ರಕ್ಕೆ ದಾರಿ ತೆರೆದಿದೆ ಎಂದಲ್ಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯ, ಮುಂಗಾರಿನಲ್ಲಿ ಉಕ್ಕುವ ಹಳ್ಳಗಳು: ಎರಡು ಕಾರಣಕ್ಕೂ ಚಾರಣ ನಿಲ್ಲಿಸುತ್ತಾರೆ, ಆದೇಶ ಕೊನೇ ಗಳಿಗೆಯಲ್ಲೂ ಬರಬಹುದು. ಹಾಗಾಗಿ ಹೊರಡುವ ಸಂಜೆ ಹವಾಮಾನ ಇಲಾಖೆಯ ಚಿಕ್ಕಮಗಳೂರು ಜಿಲ್ಲಾ ಮುನ್ಸೂಚನೆ ನೋಡಲೇಬೇಕು. ಆರೆಂಜ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆ, ಅಷ್ಟು ಸುರಿದರೆ ತೊರೆ ದಾಟುವುದು ಜೀವಕ್ಕೇ ಅಪಾಯ, ಹೋಗಬೇಡಿ. ಕೊಟ್ಟಿಗೆಹಾರ–ಕಳಸ ರಸ್ತೆಯಲ್ಲಿ ಮರ ಬಿದ್ದಿದೆಯೇ ಎಂದು ತಿಳಿಯಲು ಅಲ್ಲಿನ ಹೋಂಸ್ಟೇಯವರಿಗೆ ಫೋನ್ ಮಾಡುವುದೇ ಮೇಲು. ಗುರುತಿನ ಚೀಟಿ ಮರೆಯಬೇಡಿ.